ಸತ್ತವರ ಪಾಲಿನ ಕರುಣೆ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಟ್ರೂಮನ್ ಕಪೋಟಿಯ ‘ಇನ್ ಕೋಲ್ಡ್ ಬ್ಲಡ್’ ಎಂಬ ಪುಸ್ತಕದ ಹಳೆಯ ಪ್ರತಿಯೊಂದಿದೆ. ಎರಡು ಸಲ ರಟ್ಟು ಕಟ್ಟಿಸಿಕೊಂಡ, ಅಂಚು ಕಂದಿದ ಪ್ರತಿ. ಪುಸ್ತಕದಲ್ಲಿ ಗೆರೆ ಎಳೆಯಕೂಡದೆಂದು ಗ್ರಂಥಪಾಲಕರು ಹೊದಿಕೆಯ ಒಳಗಡೆ ಒಂದು ಚೀಟಿ ಅಂಟಿಸಿದ್ದಾರೆ. ನಮ್ಮ ವಾಚಕ ಮಹಾಶಯರು ಆ ಚೀಟಿಯ ಕೆಳಗೂ ಒಂದು ಗೆರೆ ಎಳೆದಿದ್ದಾರೆ. ಈಚೆಗೆ, ಶನಿವಾರ ಸಂಜೆ ನಾವು ಕೆಲವರು ಸೇರಿ ನಡೆಸುವ ಓದುಕೂಟಕ್ಕೆಂದು ಅದನ್ನು ತಂದು ಪುಟ ತಿರುವುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಪೆನ್ಸಿಲ್ ಗೆರೆಗಳೆಲ್ಲ ಒಬ್ಬನ ಸುತ್ತಲೇ ಇವೆ. ಪೆರಿ ಸ್ಮಿತ್ ಎಂಬ ಕೊಲೆಗಾರನ ಬಾಲ್ಯ, ಅವನ ತಾಯಿಯ ಕುಡಿತ, ಅನಾಥಾಲಯದಲ್ಲಿ ಅವನು ತಿಂದ ಪೆಟ್ಟು, ಕನಸಿನಲ್ಲಿ ಅವನನ್ನು ಕಾಪಾಡಲು ಬರುತ್ತಿದ್ದ ಹಳದಿ ಹಕ್ಕಿ ಎಲ್ಲದರ ಪಕ್ಕದಲ್ಲೂ ಗೆರೆ. ಒಂದು ಕಡೆ ಯಾರೋ ಕನ್ನಡದಲ್ಲಿಯೇ ‘ಪಾಪ’ ಎಂದು ಬರೆದಿದ್ದಾರೆ. ಕೊಲೆಯಾದ ಗೃಹಿಣಿಯನ್ನು ಕುರಿತ ಪುಟಗಳು ಮಾತ್ರ ಅಚ್ಚುಕೂಟದಿಂದ ಬಂದ ದಿನ ಹೇಗಿದ್ದವೋ ಹಾಗೆಯೇ ಇವೆ.

ಪುಸ್ತಕವನ್ನು ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಹಾಲ್ಕಂ ಎಂಬುದೊಂದು ಸಣ್ಣ ಊರು. ಆಗ ಅಲ್ಲಿದ್ದವರು ಸುಮಾರು 270 ಜನ. ಅಲ್ಲಿ ಹರ್ಬರ್ಟ್ ಕ್ಲಟರ್ ಎಂಬ ಅನುಕೂಲಸ್ಥ ರೈತ. ಮದ್ಯ ಮುಟ್ಟದವನು, ಕಾಫಿಯನ್ನೂ ಕುಡಿಯದವನು, ಊರಿನವರ ಗೌರವಕ್ಕೆ ಪಾತ್ರನಾದವನು. 1959ರ ನವೆಂಬರ್ 15ರ ರಾತ್ರಿ, ಬೆಳಗಾಗುವ ಮುನ್ನ, ಆತ, ಅವನ ಹೆಂಡತಿ ಬಾನಿ, 16 ವರ್ಷದ ಮಗಳು ನ್ಯಾನ್ಸಿ, 15 ವರ್ಷದ ಮಗ ಕೆನ್ಯನ್, ನಾಲ್ವರೂ ಕೈಕಾಲು ಕಟ್ಟಿಸಿಕೊಂಡು ಗುಂಡೇಟಿಗೆ ಬಲಿಯಾದರು. ಕೊಂದವರು ರಿಚರ್ಡ್ ಹಿಕಾಕ್ ಮತ್ತು ಪೆರಿ ಸ್ಮಿತ್, ಇಬ್ಬರೂ ಸೆರೆಮನೆ ಕಂಡು ಬಂದವರು. ಆ ಮನೆಯಲ್ಲಿ ಹಣ ತುಂಬಿದ ತಿಜೋರಿಯಿದೆಯೆಂದು ಹಿಕಾಕನಿಗೆ ಜೈಲಿನಲ್ಲಿ ಒಬ್ಬ ಜೊತೆಗಾರ ಹೇಳಿದ್ದ. ನಾನೂರಕ್ಕೂ ಹೆಚ್ಚು ಮೈಲಿ ಕಾರು ಓಡಿಸಿಕೊಂಡು ಬಂದು ನೋಡಿದರೆ ತಿಜೋರಿಯೇ ಇಲ್ಲ. ಕ್ಲಟರ್ ಏನು ಕೊಳ್ಳುವುದಿದ್ದರೂ ಚೆಕ್ ಬರೆದು ಕೊಡುವವನು. ಅವರಿಗೆ ದಕ್ಕಿದ್ದು ನಲವತ್ತೈವತ್ತು ಡಾಲರು, ಒಂದು ರೇಡಿಯೋ, ಒಂದು ದುರ್ಬೀನು. ಆರು ವಾರದ ಮೇಲೆ ಇಬ್ಬರೂ ಸಿಕ್ಕಿಬಿದ್ದರು. 1960ರ ಮಾರ್ಚಿಯಲ್ಲಿ ವಿಚಾರಣೆ ನಡೆದು ಮರಣದಂಡನೆಯಾಯಿತು. 1965ರ ಏಪ್ರಿಲ್ 14ರಂದು ಗಲ್ಲಿಗೇರಿದರು. ಅದೇ ವರ್ಷ ಸೆಪ್ಟೆಂಬರಿನಿಂದ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ನಾಲ್ಕು ಕಂತುಗಳಾಗಿ ಬಂದ ಈ ಕೃತಿ 1966ರ ಜನವರಿಯಲ್ಲಿ ಪುಸ್ತಕವಾಯಿತು.

ನಮ್ಮ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರು ಈ ಪುಸ್ತಕವನ್ನು ಕೈಗೆತ್ತಿಕೊಂಡರೆ ಮೊದಲು ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಎನ್. ನರಸಿಂಹಯ್ಯನವರ ಪುರುಷೋತ್ತಮ ಕೊನೆಯ ಅಧ್ಯಾಯದವರೆಗೆ ಬಚ್ಚಿಟ್ಟುಕೊಳ್ಳುತ್ತಿದ್ದ ಗುಟ್ಟನ್ನು ಕಪೋಟಿ ಮೊದಲ ಕೆಲವು ಪುಟಗಳಲ್ಲಿಯೇ ಬಿಟ್ಟುಕೊಡುತ್ತಾನೆ. ಸಾಯುವವರು ಯಾರು, ಕೊಲ್ಲುವವರು ಯಾರು ಎರಡೂ ನಮಗೆ ಗೊತ್ತು. ಆತ ಮುಚ್ಚಿಡುವುದು ಆ ರಾತ್ರಿ ಮನೆಯೊಳಗೆ ನಡೆದದ್ದನ್ನು ಮಾತ್ರ. ಅದು ಹೊರಬೀಳುವುದು ಮೂರನೆಯ ಭಾಗದಲ್ಲಿ, ಪೊಲೀಸರ ಕಾರಿನಲ್ಲಿ ಕುಳಿತ ಪೆರಿಯ ಬಾಯಿಂದ. ಅಷ್ಟು ಹೊತ್ತಿಗೆ ನಾವು ಅವನೊಡನೆ ಇನ್ನೂರು ಪುಟದಷ್ಟು ಪ್ರಯಾಣ ಮಾಡಿರುತ್ತೇವೆ. ಮೋಟಾರ್ ಸೈಕಲ್ ಅಪಘಾತದಲ್ಲಿ ಮುರಿದ ಅವನ ಕುಳ್ಳ ಕಾಲುಗಳು, ಅವನು ಅಗಿಯುವ ಆಸ್ಪಿರಿನ್ ಮಾತ್ರೆಗಳು, ಹೊತ್ತು ತಿರುಗುವ ಗಿಟಾರು, ಕಡಲಡಿಯ ನಿಧಿಯ ಹಂಬಲ ಎಲ್ಲವೂ ನಮಗೆ ಸಲಿಗೆಯಾಗಿರುತ್ತವೆ. ಕೊಲೆಯನ್ನು ನಾವು ಕೇಳುವುದು ಪರಿಚಿತನ ಬಾಯಿಂದ.

ನಾನೂ ಆ ಗೆರೆ ಎಳೆದವರ ಪೈಕಿಯೇ. ಎಂ.ಎ. ಓದುತ್ತಿದ್ದಾಗ ಮೊದಲ ಸಲ ಇದನ್ನು ಓದಿ, ಪೆರಿಯನ್ನು ಗಲ್ಲಿಗೇರಿಸಿದ ರಾತ್ರಿಯ ಪುಟಗಳನ್ನು ಮುಗಿಸಿದ ಮೇಲೆ ಹಾಸ್ಟೆಲಿನ ತಾರಸಿಯ ಮೇಲೆ ಬಹಳ ಹೊತ್ತು ಒಬ್ಬನೇ ಕುಳಿತಿದ್ದೆ. ಕ್ಲಟರನನ್ನು ತಣ್ಣನೆಯ ನೆಲದ ಮೇಲೆ ಮಲಗಿಸಬಾರದೆಂದು ಹಾಸಿಗೆಯ ರಟ್ಟಿನ ಪೆಟ್ಟಿಗೆಯನ್ನು ಕೆಳಗೆ ಹಾಸಿದವನು, ಹುಡುಗನ ತಲೆಯ ಕೆಳಗೆ ದಿಂಬಿಟ್ಟವನು, ನ್ಯಾನ್ಸಿಯ ಮಾನ ಕಾಪಾಡಲು ಜೊತೆಗಾರನಿಗೇ ಅಡ್ಡ ನಿಂತವನು ಎಂದೆಲ್ಲ ಗೆಳೆಯರೊಡನೆ ವಾದಿಸಿದ್ದೆ. ಈಗ ಮನೆಯಲ್ಲಿ ಕೆನ್ಯನನ ವಯಸ್ಸಿನ ಮಗನಿದ್ದಾನೆ. ಅದೇ ದಿಂಬಿನ ಪುಟ ಬಂದಾಗ ಈ ಸಲ ನನಗೆ ಓದನ್ನು ಮುಂದುವರಿಸಲು ಆಗಲಿಲ್ಲ. ದಿಂಬಿಟ್ಟ ಕೈಯೇ ಕೋವಿಯನ್ನೂ ಎತ್ತಿತೆಂಬುದು ಮೊದಲ ಓದಿನಲ್ಲಿ ನನಗೆ ತಿಳಿಯದೆ ಇರಲಿಲ್ಲ. ಆದರೆ ದಿಂಬಿನ ಮೇಲೆ ಗೆರೆ ಎಳೆದಿದ್ದೆ, ಕೋವಿಯ ಮೇಲೆ ಎಳೆದಿರಲಿಲ್ಲ.

ಇದು ನನ್ನೊಬ್ಬನ ಚಪಲವಲ್ಲವೆಂದು ಓದುಕೂಟದಲ್ಲಿ ಖಾತ್ರಿಯಾಯಿತು. ಪುಸ್ತಕ ಮುಗಿಸಿ ಬಂದ ಹತ್ತು ಹನ್ನೆರಡು ಮಂದಿಯನ್ನು, ಹಾಳೆ ನೋಡದೆ ಸತ್ತ ನಾಲ್ವರ ಹೆಸರು ಹೇಳಿರೆಂದು ಕೇಳಿದೆ. ಕ್ಲಟರ್, ನ್ಯಾನ್ಸಿ ಎಂದು ತಟ್ಟನೆ ಬಂತು. ಹುಡುಗನ ಹೆಸರನ್ನು ಇಬ್ಬರು ಜ್ಞಾಪಿಸಿಕೊಂಡರು. ತಾಯಿಯ ಹೆಸರು ಯಾರಿಗೂ ಬರಲಿಲ್ಲ. ಒಬ್ಬ ವಿದ್ಯಾರ್ಥಿ, “ಸಾರ್, ಆ ಕಾಯಿಲೆ ಹೆಂಗಸು” ಎಂದ. ಪೆರಿಯ ತಂದೆ ತಾಯಿ, ಅಣ್ಣ ಅಕ್ಕಂದಿರ ವೃತ್ತಾಂತವನ್ನು ಕೇಳಿದ್ದರೆ ಪ್ರಾಯಶಃ ಅರ್ಧ ಗಂಟೆ ಹೇಳುತ್ತಿದ್ದರು.

ಕೊಂದವನ ಮೇಲೆ ಮರುಕ ಹುಟ್ಟುವುದು ತಪ್ಪೆಂದು ನಾನು ಹೇಳಲಾರೆ. ಕನ್ನಡ ಸಾಹಿತ್ಯವನ್ನು ಬಲ್ಲವನು ಹಾಗೆ ಹೇಳುವಂತೆಯೇ ಇಲ್ಲ. ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ರನ್ನನ ದುರ್ಯೋಧನನಿಗಾಗಿ, ಸೀತೆಯ ನಿಷ್ಠೆಯನ್ನು ಕಂಡು ಮನ ಕರಗಿದ ನಾಗಚಂದ್ರನ ರಾವಣನಿಗಾಗಿ ನಮ್ಮ ಸಹೃದಯರು ಶತಮಾನಗಳಿಂದ ನೊಂದುಕೊಂಡಿದ್ದಾರೆ. ಆದರೆ ಆ ಮರುಕದಿಂದ ಯಾರಿಗೂ ನಷ್ಟವಿಲ್ಲ. ನಮ್ಮ ಲಾಕ್ಷಣಿಕರು ಲೋಕದ ಶೋಕ ಬೇರೆ, ಕಾವ್ಯದ ಕರುಣ ಬೇರೆ ಎಂದು ವಿಂಗಡಿಸಿದರು, ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಇದನ್ನು ಮತ್ತೆ ವಿವರಿಸಬೇಕಾಗಿಲ್ಲ. ಕಾವ್ಯದ ದುಃಖ ಯಾರೊಬ್ಬರ ಸ್ವಂತದ್ದೂ ಅಲ್ಲದ ಕಾರಣ ಅದು ಎಲ್ಲರದ್ದೂ ಆಗುತ್ತದೆ, ಆದ್ದರಿಂದಲೇ ಆಸ್ವಾದ್ಯವಾಗುತ್ತದೆ. ಕಪೋಟಿಯ ಪುಸ್ತಕ ಈ ಗೆರೆಯ ಮೇಲೆಯೇ ಬಂದು ನಿಲ್ಲುತ್ತದೆ. ತಾನು ಬರೆದದ್ದು ಕಲ್ಪಿತವಲ್ಲದ ಕಾದಂಬರಿ, ಅದರ ಪ್ರತಿಯೊಂದು ಮಾತೂ ನಿಜವೆಂದು ಆತ ಸಾರಿದ. ಕಾದಂಬರಿಯ ಆಸ್ವಾದವೂ ಬೇಕು, ನಿಜದ ನಡುಕವೂ ಬೇಕು! ಹಾಲ್ಕಮ್ಮಿನ ಶೋಕವಾದರೋ ಸ್ವಂತದ್ದು. ಆ ರಾತ್ರಿ ಮನೆಯಲ್ಲಿಲ್ಲದ ಕ್ಲಟರನ ಹಿರಿಯ ಹೆಣ್ಣುಮಕ್ಕಳಿಬ್ಬರಿದ್ದರು. ನಾವು ರಸವೆಂದು ಸವಿದದ್ದು ಅವರ ಮನೆಯ ಸಾವು.

ಇಲ್ಲಿ ನನಗೆ ಕ್ರೌಂಚವಧೆಯ ನೆನಪಾಗುತ್ತದೆ. ಜೋಡಿ ಹಕ್ಕಿಯಲ್ಲೊಂದು ಬೇಡನ ಬಾಣಕ್ಕೆ ಸಿಕ್ಕಿ ಬಿತ್ತು, ಉಳಿದದ್ದು ಕೂಗಿತು, ಆದಿಕವಿಯ ಶೋಕ ಶ್ಲೋಕವಾಯಿತು. ಆ ಬೇಡ ಯಾರು, ಅಂದು ಅವನ ಮನೆಯಲ್ಲಿ ಒಲೆ ಉರಿದಿತ್ತೋ ಇಲ್ಲವೋ ವಾಲ್ಮೀಕಿ ಕೇಳಲಿಲ್ಲ. (ಹಿಂದೆ ತಾನೇ ಬೇಡನಾಗಿದ್ದನೆಂದು ಐತಿಹ್ಯ ಹೇಳುವ ಕವಿ ಹೀಗೆ ಮಾಡಿದ್ದು ಯೋಚಿಸತಕ್ಕ ವಿಷಯ.) ಕಪೋಟಿ ಬೇಡನ ಗುಡಿಸಿಲಿಗೆ ಹೋಗಿ ಕುಳಿತ. ಅದು ಆತನ ದೊಡ್ಡ ಸಾಧನೆಯೆಂದೇ ನನ್ನ ಅಭಿಪ್ರಾಯ. ನ್ಯಾಯಸ್ಥಾನದಲ್ಲಿ ಆಪಾದಿತರ ಮನಸ್ಥಿತಿಯನ್ನು ಪರೀಕ್ಷಿಸಿದ ವೈದ್ಯನಿಗೆ ಅಲ್ಲಿನ ಕಾನೂನು ವಿವರಣೆಗೆ ಅವಕಾಶವನ್ನೇ ಕೊಡಲಿಲ್ಲ; ಕೃತ್ಯದ ಹೊತ್ತಿನಲ್ಲಿ ತಪ್ಪು ಸರಿಗಳ ಅರಿವಿತ್ತೆ ಎಂಬುದಕ್ಕೆ ಹೌದು ಅಲ್ಲ ಎಂಬಷ್ಟರಲ್ಲೇ ಉತ್ತರ ಮುಗಿಯಬೇಕಾಗಿತ್ತು. ಆ ವೈದ್ಯ ಅವಕಾಶ ಸಿಕ್ಕಿದ್ದರೆ ಏನು ಹೇಳುತ್ತಿದ್ದನೆಂಬುದನ್ನು ಕಪೋಟಿ ಪುಟಗಟ್ಟಲೆ ಕೊಡುತ್ತಾನೆ. ಕೋರ್ಟು ಕೇಳದೆ ಬಿಟ್ಟದ್ದನ್ನು ಪುಸ್ತಕ ಕೇಳಿತು. ಇದನ್ನು ಓದಿ ಗಲ್ಲುಶಿಕ್ಷೆಯ ವಿಷಯದಲ್ಲಿ ಮನಸ್ಸು ಕದಡಿಕೊಂಡವರು ಅನೇಕರು. ನಾನೂ ಅವರಲ್ಲೊಬ್ಬ, ಈಗಲೂ.

ಆದರೆ ಬೇಡನ ಗುಡಿಸಿಲಿನಲ್ಲಿ ಕುಳಿತವನಿಗೆ ಹಕ್ಕಿಯ ಕೂಗು ಎಷ್ಟು ಕೇಳಿಸೀತು? ಲೆಕ್ಕ ಹಾಕಿ ನೋಡಿ. ಕಪೋಟಿ ತನ್ನ ಬಾಲ್ಯದ ಗೆಳತಿ ಹಾರ್ಪರ್ ಲೀಯೊಡನೆ ಕ್ಯಾನ್ಸಸಿಗೆ ಬಂದದ್ದು 1959ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಕ್ಲಟರ್ ಕುಟುಂಬ ಮಣ್ಣಾಗಿ ವಾರಗಳು ಕಳೆದಿದ್ದವು. ಅವರಲ್ಲಿ ಒಬ್ಬರ ದನಿಯನ್ನೂ ಆತ ಕೇಳಲಿಲ್ಲ. ಪೆರಿಯೊಡನೆ ಮಾತ್ರ ಮಾತು, ಕಾಗದ, ಭೇಟಿ ಎಂದು ಸುಮಾರು ಐದು ವರ್ಷದ ಒಡನಾಟ. ಇಬ್ಬರೂ ಗಿಡ್ಡ, ಇಬ್ಬರೂ ತಾಯಿಯ ಮಡಿಲಿನಿಂದ ಬೇಗ ಬೇರೆಯಾದವರು. ಅಂಥ ಒಡನಾಟದಿಂದ ಒಂದು ಪಾತ್ರಕ್ಕೆ ರಕ್ತಮಾಂಸ ತುಂಬಿಕೊಳ್ಳುವುದು ಸಹಜ. ಸತ್ತವರಿಗೆ ಸಿಕ್ಕಿದ್ದು ಅವರ ಕೊನೆಯ ಒಂದು ದಿನ, ಅದೂ ನೆರೆಹೊರೆಯವರ ನೆನಪಿನಿಂದ. ನ್ಯಾನ್ಸಿ ಪಕ್ಕದ ಮನೆಯ ಹುಡುಗಿಗೆ ಚೆರಿಹಣ್ಣಿನ ಕಡುಬು ಮಾಡಲು ಕಲಿಸಿದ್ದು, ಕೆನ್ಯನ್ ಅಕ್ಕನ ಮದುವೆಗೆ ಉಡುಗೊರೆಯೆಂದು ಮರದ ಪೆಟ್ಟಿಗೆ ಮಾಡುತ್ತಿದ್ದುದು, ಕ್ಲಟರ್ ಅದೇ ದಿನ ಜೀವವಿಮೆಯ ಕಾಗದಕ್ಕೆ ರುಜು ಹಾಕಿದ್ದು. ಸೊಗಸಾದ ಪುಟಗಳು, ನಿಜ. ಆದರೆ ಅವು ಗೋಡೆಗೆ ತೂಗುಹಾಕಿದ ಭಾವಚಿತ್ರಗಳಂತೆ ಇವೆ. ಪೆರಿ ಕುರ್ಚಿಯೆಳೆದುಕೊಂಡು ನಮ್ಮ ಎದುರಿಗೆ ಕೂಡುತ್ತಾನೆ.

ಇನ್ನೂ ಒಂದು ತೊಡಕಿದೆ. ಆ ರಾತ್ರಿಯ ಕಥೆಯನ್ನು ಹೇಳಲು ಉಳಿದವರು ಕೊಂದವರೇ. ದಿಂಬು, ರಟ್ಟಿನ ಪೆಟ್ಟಿಗೆ ಪೊಲೀಸರ ಕಣ್ಣಿಗೆ ಬಿದ್ದಿದ್ದವು. ಅವುಗಳ ಅರ್ಥವನ್ನು ಹೇಳಿದವನು ಪೆರಿ. ಹೆಂಗಸರಿಬ್ಬರನ್ನು ಹಿಕಾಕ್ ಕೊಂದನೆಂದು ಅವನೇ ಮೊದಲು ಹೇಳಿದ. ಆಮೇಲೆ, ಹಿಕಾಕನ ತಾಯಿ ಒಳ್ಳೆಯವಳು, ಅವಳಾದರೂ ಸ್ವಲ್ಪ ನೆಮ್ಮದಿಯಾಗಿರಲೆಂದು, ನಾಲ್ವರನ್ನೂ ತಾನೇ ಕೊಂದದ್ದಾಗಿ ಮಾತು ಬದಲಿಸಿದ. ತನಿಖಾಧಿಕಾರಿ ಆಲ್ವಿನ್ ಡ್ಯೂಯಿ ಈ ಎರಡನೆಯ ಮಾತನ್ನು ನಂಬಲಿಲ್ಲ. ಬಾನಿ ಕ್ಲಟರಳ ಕೊನೆಯ ಗಳಿಗೆ ಹೇಗಿತ್ತೆಂದು ತಿಳಿಯಬೇಕಾದರೆ ನಾವು ಕೇಳಬೇಕಾದದ್ದು ಇಂಥ ಸಾಕ್ಷಿಯನ್ನು. ಓದುಗರಲ್ಲಿ ಬಹುಮಂದಿ ಇದನ್ನು ಗಮನಿಸುವುದೇ ಇಲ್ಲ, ಏಕೆಂದರೆ ಕಪೋಟಿಯ ಗದ್ಯ ಅಷ್ಟು ನುಣುಪು. ತಾನು ಎಲ್ಲಿಯೂ ಕಾಣಿಸಿಕೊಳ್ಳದೆ, ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಬರೆಯುತ್ತಾನೆ. ಟಿಪ್ಪಣಿ ಬರೆದುಕೊಳ್ಳದೆ, ಧ್ವನಿಮುದ್ರಣ ಯಂತ್ರವಿಲ್ಲದೆ, ಕೇಳಿದ ಮಾತನ್ನು ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ನೆನಪಿಟ್ಟುಕೊಳ್ಳಬಲ್ಲೆನೆಂದು ಆತ ಕೊಚ್ಚಿಕೊಂಡದ್ದೂ ಉಂಟು.

ಈ ಜಂಬಕ್ಕೆ ಬೇಗನೆ ಪೆಟ್ಟು ಬಿತ್ತು. 1966ರ ಜೂನ್ ತಿಂಗಳ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಫಿಲಿಪ್ ಟಾಂಪ್ಕಿನ್ಸ್ ಎಂಬಾತ ಕ್ಯಾನ್ಸಸಿಗೆ ತಾನೇ ಹೋಗಿ ವಿಚಾರಿಸಿ ಬಂದು ಹಲವು ತಪ್ಪುಗಳನ್ನು ತೋರಿಸಿದ. ಅವುಗಳಲ್ಲಿ ಮುಖ್ಯವಾದದ್ದು, ಪುಸ್ತಕದಲ್ಲಿ ಗಲ್ಲಿನ ಬಳಿ ನಿಂತ ಪೆರಿ ಕ್ಷಮೆ ಕೇಳುತ್ತಾನಲ್ಲ, ಆ ಮಾತು ಅಲ್ಲಿದ್ದ ಪತ್ರಕರ್ತರಿಗೆ ಕೇಳಿಸಿರಲಿಲ್ಲ ಎಂಬುದು. 2013ರಲ್ಲಿ ಹೊರಬಂದ ಪೊಲೀಸ್ ಕಾಗದಪತ್ರಗಳ ಪ್ರಕಾರ, ಸುಳಿವು ಸಿಕ್ಕ ಕೂಡಲೇ ಹಿಕಾಕನ ತಂದೆತಾಯಿಯ ಮನೆಗೆ ಅಧಿಕಾರಿಗಳು ಧಾವಿಸಿದರೆಂಬುದೂ ಸರಿಯಲ್ಲ; ಐದು ದಿನ ತಡವಾಗಿತ್ತು. ಡ್ಯೂಯಿಯನ್ನು ಚುರುಕಿನ ನಾಯಕನಾಗಿ ಮಾಡಲು ಐದು ದಿನ ಅಳಿಸಿಹೋಯಿತು. ಲಂಡನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಕೆನೆತ್ ಟೈನನ್ ಎತ್ತಿದ ಆಕ್ಷೇಪ ಇನ್ನೂ ಕಟುವಾದದ್ದು: ಆ ಇಬ್ಬರ ಜೀವ ಉಳಿಸಲು ಕಪೋಟಿ ತನ್ನಿಂದ ಆಗಬಹುದಾಗಿದ್ದ ಯತ್ನವನ್ನೆಲ್ಲ ಮಾಡಲಿಲ್ಲ ಎಂಬುದು. ಕಪೋಟಿ ಸಿಟ್ಟಾಗಿ ಉತ್ತರ ಬರೆದ. ಅವರು ಸಾಯದೆ ಅವನ ಪುಸ್ತಕ ಮುಗಿಯುವಂತಿರಲಿಲ್ಲವೆಂಬುದಂತೂ ಸತ್ಯ. ಮೇಲ್ಮನವಿಗಳಿಂದ ಗಲ್ಲು ಮುಂದಕ್ಕೆ ಹೋದಾಗಲೆಲ್ಲ ಆತ ತಳಮಳಿಸಿದ್ದು ಅವನ ಕಾಗದಗಳಲ್ಲಿಯೇ ಕಾಣುತ್ತದೆ.

ಪುಸ್ತಕದ ಹೆಸರನ್ನು ಕನ್ನಡಕ್ಕೆ ಹೇಗೆ ತರುವುದೆಂದು ಒಂದು ಸಂಜೆ ಓದುಕೂಟದಲ್ಲಿ ಚರ್ಚೆಯಾಯಿತು. ಒಬ್ಬರು ‘ಕಲ್ಲೆದೆ’ ಎಂದರು, ಇನ್ನೊಬ್ಬರು ‘ನಿರ್ದಯ’. ಎರಡೂ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷಿನಲ್ಲಿ, ಆವೇಶವಿಲ್ಲದೆ ಯೋಚಿಸಿ ಕೊಲ್ಲುವವನ ರಕ್ತ ತಣ್ಣಗಿರುತ್ತದೆ. ನಮ್ಮ ಮಾತಿನಲ್ಲಿ ಸಿಟ್ಟಿಗೆ ನೆತ್ತರು ಕುದಿಯುವುದುಂಟು. ಆದರೆ ತಣ್ಣಗಾಗುವುದು, ಹೆಪ್ಪುಗಟ್ಟುವುದು ಕೊಂದವನ ನೆತ್ತರಲ್ಲ, ಕೇಳಿದವನದು. ಹೀಗಾಗಿ ಮಾತಿಗೆ ಮಾತು ಇಟ್ಟರೆ ಹೆಸರು ಕೊಲೆಗಾರನನ್ನು ಬಿಟ್ಟು ಓದುಗನ ಕಡೆ ತಿರುಗುತ್ತದೆ. ಮೂಲದಲ್ಲಿಯೂ ಅದು ಒಬ್ಬನನ್ನೇ ಕುರಿತದ್ದಲ್ಲ. ಪೆರಿಯ ಕೃತ್ಯ ಪುಸ್ತಕದಲ್ಲಿ ತಟ್ಟನೆ ಸ್ಫೋಟಿಸಿದಂತೆ ಕಾಣುತ್ತದೆ. ಸಾವಕಾಶವಾಗಿ, ಐದು ವರ್ಷ ಯೋಚಿಸಿ, ಹಗ್ಗ ಸಿದ್ಧಪಡಿಸಿಕೊಂಡು ಕೊಂದದ್ದು ಸರಕಾರ. ಗಲ್ಲಿಗೆ ವಿರುದ್ಧವಾದ ಓದುಗರು ಹೆಸರನ್ನು ಹೀಗೆಯೇ ಓದಿಕೊಂಡಿದ್ದಾರೆ. ಆ ಸಂಜೆಯ ಮಟ್ಟಿಗೆ ನಾವು ಹೆಸರನ್ನು ಭಾಷಾಂತರಿಸದೆ ಬಿಟ್ಟೆವು.

ಪುಸ್ತಕದ ಕೊನೆಯ ಪುಟದ ವಿಷಯ ಹೇಳದೆ ನನ್ನ ಮಾತು ಪೂರ್ತಿಯಾಗುವುದಿಲ್ಲ. ಗಲ್ಲಿನ ದೃಶ್ಯ ಮುಗಿಯುತ್ತಲೇ ಡ್ಯೂಯಿಗೆ, ಹಿಂದೊಮ್ಮೆ ಊರಿನ ಸ್ಮಶಾನದಲ್ಲಿ ಕ್ಲಟರರ ಗೋರಿಯ ಬಳಿ ನ್ಯಾನ್ಸಿಯ ಗೆಳತಿಯನ್ನು ಕಂಡದ್ದು ನೆನಪಿಗೆ ಬರುತ್ತದೆ. ಹುಡುಗಿ ಬೆಳೆದು ಕಾಲೇಜು ಸೇರಿದ್ದಾಳೆ. ಎರಡು ಮಾತಾಡಿ ಅವಳು ಹೊರಟುಹೋಗುತ್ತಾಳೆ; ನ್ಯಾನ್ಸಿ ಬದುಕಿದ್ದರೆ ಹೀಗೆಯೇ ಇರುತ್ತಿದ್ದಳಲ್ಲ ಎಂಬ ಭಾವ ಆ ಮುದುಕನಾಗುತ್ತಿರುವ ಪೊಲೀಸಿನವನ ಮನಸ್ಸಿನಲ್ಲಿ ಹಾದುಹೋಗುತ್ತದೆ. ಗೋಧಿಹೊಲ, ಗಾಳಿ, ಮುಕ್ತಾಯ. ಒಂದು ಕೃತಿಯನ್ನು ಹೇಗೆ ಮುಗಿಸಬೇಕೆಂಬುದಕ್ಕೆ ಮಾದರಿಯೆಂದು ಈ ಪುಟವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಹೊಗಳಿದ್ದೇನೆ. ಆಮೇಲೆ, 1988ರಲ್ಲಿ ಪ್ರಕಟವಾದ ಜೆರಾಲ್ಡ್ ಕ್ಲಾರ್ಕನ ಕಪೋಟಿ ಜೀವನಚರಿತ್ರೆಯನ್ನು ಓದಿದಾಗ ತಿಳಿಯಿತು: ಅಂಥ ಭೇಟಿ ನಡೆಯಲೇ ಇಲ್ಲ. ಕಪೋಟಿ ಅದನ್ನು ಕಟ್ಟಿದ. 1951ರ ತನ್ನ ‘ದಿ ಗ್ರಾಸ್ ಹಾರ್ಪ್’ ಕಾದಂಬರಿಯ ಮುಕ್ತಾಯವನ್ನೇ ಹೋಲುವಂತೆ ಕಟ್ಟಿದ.

ಮೋಸಹೋದೆನೆಂಬ ಸಿಟ್ಟು ಬಂತು. ಸ್ವಲ್ಪ ದಿನ ಕಳೆದ ಮೇಲೆ ಬೇರೊಂದು ಯೋಚನೆಯೂ ಬಂತು. ಸತ್ತವರ ಕಡೆಗೆ ನಮ್ಮ ಮನಸ್ಸನ್ನು ತಿರುಗಿಸಲು ಪುಸ್ತಕ ಕೊನೆಗೊಮ್ಮೆ ಯತ್ನಿಸುವುದು ಆ ಪುಟದಲ್ಲಿ. ಪೆರಿಗಾಗಿ ಕಪೋಟಿಯ ಬಳಿ ಸಾವಿರಾರು ನಿಜಸಂಗತಿಗಳು ರಾಶಿಬಿದ್ದಿದ್ದವು, ಯಾವುದನ್ನು ಬಿಡುವುದೆಂಬುದೇ ಚಿಂತೆ. ನ್ಯಾನ್ಸಿಗಾಗಿ ಒಂದು ಪುಟ ಬರೆಯಬೇಕಾದಾಗ ಆತ ತನ್ನದೇ ಹಳೆಯ ಕಾದಂಬರಿಯಿಂದ ಸಾಲ ತರಬೇಕಾಯಿತು. ಈ ಪುಟ ಸುಳ್ಳೆಂದು ಈಗ ನಾನು ತರಗತಿಯಲ್ಲಿ ಮೊದಲೇ ಹೇಳಿಯೇ ಓದುತ್ತೇನೆ. ವಿದ್ಯಾರ್ಥಿಗಳು ಆದರೂ ಕಣ್ಣೊರೆಸಿಕೊಳ್ಳುತ್ತಾರೆ.

ಹಾಲ್ಕಮ್ಮಿನವರು ಈ ಪುಸ್ತಕವನ್ನು ಓದಿದ ರೀತಿ ಬೇರೆ. ತಾವು ಬಲ್ಲ ಕ್ಲಟರರು ಇವರಲ್ಲವೆಂದು ಬಂಧುಗಳೂ ಪರಿಚಿತರೂ ನೊಂದುಕೊಂಡರು. ಮುಖ್ಯವಾಗಿ ಬಾನಿಯ ಚಿತ್ರವನ್ನು ಅವರು ಒಪ್ಪಲಿಲ್ಲ. ಪುಸ್ತಕದಲ್ಲಿ ಅವಳು ಸದಾ ನರಗಳ ಕಾಯಿಲೆಯಿಂದ ಕೋಣೆ ಹಿಡಿದು ಮಲಗಿದವಳು, ಮಕ್ಕಳ ಬಾಳಿಗೆ ಹೊರಗಿನವಳಾದೆನೆಂದು ಕೊರಗುವವಳು. ಮನೆಗೆಲಸ ಮಾಡಿಕೊಂಡು, ಚರ್ಚಿಗೆ ಹೋಗಿಬಂದುಕೊಂಡು ಇದ್ದ ಹೆಂಗಸನ್ನು ಹೀಗೆ ನೆರಳಾಗಿಸಿದ್ದು ಅನ್ಯಾಯವೆಂಬುದು ಅವರ ದೂರು. ರಿಚರ್ಡ್ ಬ್ರೂಕ್ಸ್ 1967ರಲ್ಲಿ ಚಲನಚಿತ್ರ ತೆಗೆದಾಗ ಕೊಲೆ ನಡೆದ ಮನೆಯಲ್ಲಿಯೇ ಚಿತ್ರೀಕರಣ ನಡೆಯಿತು. ಊರಿಗೆ ಅದು ಎರಡನೆಯ ಗಾಯ. ಕಡೆಗೆ 2009ರಲ್ಲಿ ಊರಿನ ಉದ್ಯಾನದಲ್ಲಿ ಆ ಕುಟುಂಬಕ್ಕೊಂದು ಸ್ಮಾರಕ ನಿಲ್ಲಿಸಿದರು. ನಾಲ್ವರೂ ಹೇಗೆ ಸತ್ತರೆಂಬುದಕ್ಕಿಂತ ಹೇಗೆ ಬಾಳಿದ್ದರೆಂಬುದನ್ನು ಹೇಳುವ ಉದ್ದೇಶ ಅದರದು. ಐವತ್ತು ವರ್ಷದ ಮೇಲೆ ಒಂದು ಊರು ಒಂದು ಪುಸ್ತಕಕ್ಕೆ ಕೊಟ್ಟ ಉತ್ತರವೆಂದು ಅದನ್ನು ಓದಬಹುದು. ಪುಸ್ತಕವನ್ನು ಓದಿದ ಲಕ್ಷಾಂತರ ಜನಕ್ಕೆ ಆ ಉತ್ತರ ಮುಟ್ಟಿರಲಾರದು.

ಕಳೆದ ಶನಿವಾರ ನಾನು ಗೆರೆಯಿಲ್ಲದ ಆ ಪುಟಗಳನ್ನು ಓದುಕೂಟದಲ್ಲಿ ಗಟ್ಟಿಯಾಗಿ ಓದಿದೆ. ಬಾನಿ ಪುಟ್ಟ ಪುಟ್ಟ ವಸ್ತುಗಳನ್ನು ಕೂಡಿಡುತ್ತಿದ್ದಳು; ಕೊನೆಯ ದಿನ ಮನೆಗೆ ಬಂದ ಹುಡುಗಿಗೆ ಅದರಲ್ಲೊಂದನ್ನು ಕೊಡುತ್ತಾಳೆ. ಓದಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸಾರ್, ಅವರಿಗೆ ನಿಜವಾಗಿ ಏನಾಗಿತ್ತು?” ಎಂದು ಕೇಳಿದಳು. ‘ಅವಳಿಗೆ’ ಎನ್ನದೆ ‘ಅವರಿಗೆ’ ಎಂದದ್ದನ್ನು ಗಮನಿಸಿದೆ. ಪುಸ್ತಕ ಹೇಳುವುದನ್ನು ಹೇಳಿದೆ. ಅವರ ಮನೆಯವರು ಹಾಗಲ್ಲ ಎಂದದ್ದನ್ನೂ ಹೇಳಿದೆ. ಅವಳು ಎರಡನ್ನೂ ಬರೆದುಕೊಂಡಳು.